ಮಾಲ್ಡೀವ್ಸ್, ಕೊಮೊಡೊ, ನುಸಾ ಪೆನಿಡಾ: ಸೆಳೆತದ ನೀರಿಗೆ ಮೊದಲು ಎಲ್ಲಿ ಇಳಿಯಬೇಕು?

ಸ್ಕೂಬಾ ಡೈವಿಂಗ್‌ನ ಮೊದಲ ಕೋರ್ಸ್ ಓಪನ್ ವಾಟರ್ ನೇತ್ರಾಣಿಯಲ್ಲಿ ಮುಗಿಸಿ, ಅಂಡಮಾನಿನಲ್ಲಿ ಮುಂದಿನ ಹಂತದ ಅಡ್ವಾನ್ಸ್ಡ್ ಕಾರ್ಡ್ ತಗೊಂಡ ಮೇಲೆ ಹೆಚ್ಚಿನವರ ಮನಸ್ಸು ಶಾರ್ಕ್, ಅಗಲ ರೆಕ್ಕೆಯ ಮಾಂಟಾ ರೇ ಮೀನು ಇರುವ ಕಡೆ ಓಡುತ್ತದೆ. ದೊಡ್ಡ ಮೀನು ನೋಡಬೇಕು ಅಂದರೆ ಸೆಳೆತ ಬೇಕೇ ಬೇಕು. ಹರಿಯುವ ನೀರು ಆಹಾರ ಹೊತ್ತು ತರುತ್ತದೆ, ಅದಕ್ಕೆ ಸಣ್ಣ ಮೀನು ಸೇರುತ್ತದೆ, ಸಣ್ಣ ಮೀನಿನ ಬೆನ್ನಿಗೆ ದೊಡ್ಡದು ಬರುತ್ತದೆ. ನಿಂತ ನೀರಿನ ಹವಳದಲ್ಲಿ ಬಣ್ಣ ಎಷ್ಟು ಬೇಕಾದರೂ ಸಿಗುತ್ತದೆ, ಬೇಟೆ ನೋಡಲು ಸಿಗುವುದು ಅಪರೂಪ.

ಇರುವುದು ಒಂದು ವಾರದ ರಜೆ, ಒಂದು ಟ್ರಿಪ್‌ಗೆ ಆಗುವಷ್ಟು ದುಡ್ಡು. ಮಾಲ್ಡೀವ್ಸೋ, ಕೊಮೊಡೊವೋ, ಬಾಲಿ ಪಕ್ಕದ ನುಸಾ ಪೆನಿಡಾವೋ? ಈ ಮೂರರಲ್ಲಿ ಎಲ್ಲಿ ಸೆಳೆತ ಕಮ್ಮಿ ಅಂತ ಕೇಳುವವರೇ ಜಾಸ್ತಿ. ಅದಕ್ಕೆ ಉತ್ತರ ಇಲ್ಲ, ಯಾಕೆಂದರೆ ಒಂದೇ ಜಾಗದಲ್ಲಿ ಬೆಳಗ್ಗೆ ನೀರು ನಿಂತಿರುತ್ತದೆ, ಮಧ್ಯಾಹ್ನ ಮಾಸ್ಕ್ ಕಿತ್ತುಹೋಗುವ ಹಾಗೆ ಹರಿಯುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ: ಕೈಬಿಟ್ಟರೆ ಈ ನೀರು ನನ್ನನ್ನು ಎಲ್ಲಿಗೆ ಒಯ್ದು ಹಾಕುತ್ತದೆ? ಹವಳದ ಉಂಗುರದೊಳಗಿನ ನೀರಿಗಾ (ಲಗೂನು), ತೆರೆದ ಕಡಲಿಗಾ, ಇಲ್ಲಾ ಕೆಳಕ್ಕಾ? ಮೂರೂ ಕಡೆ ಎರಡು ನಾಟ್ ಸೆಳೆತವೇ ಇರಬಹುದು. ಆದರೆ ಮೂರೂ ಬೇರೆ ಬೇರೆ ಡೈವ್.

ಮೊದಲು ಸ್ವಲ್ಪ ಲೆಕ್ಕ

ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ನಿಮಿಷಕ್ಕೆ ಸುಮಾರು 30 ಮೀಟರ್. ದಡದಲ್ಲಿ ಕೂತು ಕೇಳಿದರೆ ನಗು ಬರುವಷ್ಟು ನಿಧಾನ. ಸಿಲಿಂಡರ್, ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ (ಬಿಸಿಡಿ) ಹೊತ್ತುಕೊಂಡು ಇದಕ್ಕೆ ಎದುರು ಈಜಿ ನೋಡಿ, ಕೆಲವೇ ನಿಮಿಷದಲ್ಲಿ ಕಾಲು ಸೋಲುತ್ತದೆ. ವೇಗ ದುಪ್ಪಟ್ಟಾದರೆ ಮೈಮೇಲೆ ಬೀಳುವ ಒತ್ತಡ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಎರಡು ನಾಟ್‌ಗೆ ಎದುರು ಈಜುವ ಮಾತೇ ಬೇಡ.

ಗಾಳಿಯ ಲೆಕ್ಕ ಇನ್ನೂ ಮುಖ್ಯ. ನಮಗೆಲ್ಲ ಕೊಡುವ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ 11 ಲೀಟರಿನದು. 200 ಬಾರ್ ಒತ್ತಡಕ್ಕೆ ತುಂಬಿದರೆ ಒಳಗಿರುವುದು ಸುಮಾರು 2200 ಲೀಟರ್ ಗಾಳಿ. ಆರಾಮಾಗಿ ತೇಲುವವರು ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 15 ಲೀಟರ್ ಎಳೆಯುತ್ತಾರೆ ಅಂದುಕೊಳ್ಳಿ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟು, ಅಲ್ಲಿಗೆ ನಿಮಿಷಕ್ಕೆ 60 ಲೀಟರ್. ಅದೇ ಮನುಷ್ಯ ಸೆಳೆತಕ್ಕೆ ಎದುರು ಒದ್ದಾಡುತ್ತಾ ನಿಮಿಷಕ್ಕೆ 40 ಲೀಟರ್ ಎಳೆದರೆ, ಆ ಆಳದಲ್ಲಿ ನಿಮಿಷಕ್ಕೆ 160 ಲೀಟರ್ ಹೋಗುತ್ತದೆ. 14 ನಿಮಿಷದೊಳಗೆ ಸಿಲಿಂಡರ್ ಖಾಲಿ. ಅರ್ಧ ಗಂಟೆಗೂ ಮೇಲೆ ಬರಬೇಕಾದ ಗಾಳಿ ಇದು. ಸೆಳೆತದ ಡೈವ್‌ನಲ್ಲಿ ಎಡವಟ್ಟು ಶುರುವಾಗುವುದು ಹೆಚ್ಚಾಗಿ ಹೀಗೆ, ಯಾರೂ ಗಮನಿಸದ ಉಸಿರಿನಿಂದ.

ಇನ್ನೊಂದು ಸಣ್ಣ ಲೆಕ್ಕ. ಕೊನೆಯಲ್ಲಿ ಮೇಲೆ ಬರುವ ಮುಂಚೆ 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಸೇಫ್ಟಿ ಸ್ಟಾಪ್ ಮಾಡುತ್ತೀರಲ್ಲ, ಎರಡು ನಾಟ್ ಸೆಳೆತದಲ್ಲಿ ಆ ಮೂರು ನಿಮಿಷಕ್ಕೆ ನೀವು ಸುಮಾರು 185 ಮೀಟರ್ ಸಾಗಿರುತ್ತೀರಿ. ಬೋಟಿನವನು ಇನ್ನೂ ಹಳೆ ಜಾಗದಲ್ಲೇ ಕಣ್ಣಿಟ್ಟಿದ್ದರೆ, ಅಲೆಗಳ ನಡುವೆ ನಿಮ್ಮ ಕಪ್ಪು ತಲೆ ಅವನಿಗೆ ಕಾಣುವುದಿಲ್ಲ.

ಮಾಲ್ಡೀವ್ಸ್: ಒಳಕ್ಕೆ ತಳ್ಳುವ ನೀರು

ಮಾಲ್ಡೀವ್ಸ್‌ನ ಅಟಾಲ್ ಅಂದರೆ ಹವಳದ ಉಂಗುರ, ನಡುವೆ ಲಗೂನು. ಉಂಗುರದಲ್ಲಿ ಅಲ್ಲಲ್ಲಿ ಕಿಂಡಿಗಳಿವೆ, ಅಂಥ ಕಿಂಡಿಗೆ ಅಲ್ಲಿನವರು ‘ಕಂಡು’ ಅಂತ ಹೆಸರಿಟ್ಟಿದ್ದಾರೆ. ಕೆರೆಯ ತೂಬಿನ ಕತೆಯೇ: ಅಗಲದ ನೀರೆಲ್ಲ ಇಕ್ಕಟ್ಟಿನ ಬಾಯಲ್ಲಿ ನುಗ್ಗುವಾಗ ಜೋರಾಗುತ್ತದೆ. ಆದರೆ ಈ ತೂಬು ಹೊರಕ್ಕೂ ಹರಿಯುತ್ತದೆ, ಒಳಕ್ಕೂ ಹರಿಯುತ್ತದೆ. ಕಡಲಿನಿಂದ ಒಳಕ್ಕೆ ನುಗ್ಗುವಾಗ ನೀರು ತಿಳಿ, ಶಾರ್ಕ್‌ಗಳು ಕಿಂಡಿಯ ಹೊರಬಾಯಿಗೆ ಬಂದು ನಿಲ್ಲುತ್ತವೆ. ಹೊರಕ್ಕೆ ಹರಿಯುವಾಗ ಲಗೂನಿನ ಕಲಕು ನೀರು ಬರುತ್ತದೆ, ಜೊತೆಗೆ ಡೈವರನ್ನೂ ತೆರೆದ ಕಡಲಿಗೆ ಒಯ್ಯುತ್ತದೆ. ಒಳ್ಳೆಯ ಗೈಡ್ ಹೊರಹರಿವಿನಲ್ಲಿ ಕಂಡುವಿಗೆ ಇಳಿಸುವುದಿಲ್ಲ.

ಒಂದು ಕಂಡು ಡೈವ್ ಹೇಗಿರುತ್ತದೆ ಅಂತ ನೋಡಿ. ವಾವು ಅಟಾಲ್‌ನ ಮಿಯಾರು ಕಂಡು ಅಥವಾ ಫೊಟ್ಟೆಯೊ ಕಂಡು ಅಂದುಕೊಳ್ಳಿ. ದೋಣಿ ನಿಂತ ಕೂಡಲೇ ಗೈಡ್ ಒಬ್ಬನೇ ಮಾಸ್ಕ್, ಫಿನ್ ಹಾಕಿ ನೀರಿಗೆ ಹಾರುತ್ತಾನೆ. ಸೆಳೆತ ಒಳಕ್ಕೋ ಹೊರಕ್ಕೋ, ಎಷ್ಟು ಜೋರು ಅಂತ ನೋಡಿ ಬರುತ್ತಾನೆ. ಆಮೇಲೆ ದೋಣಿ ಕಿಂಡಿಯ ಹೊರಗೆ, ಕಡಲ ಕಡೆ ಹೋಗುತ್ತದೆ. ಎಲ್ಲರೂ ಅಂಚಿನಲ್ಲಿ ಕೂತಿರುತ್ತಾರೆ, ಬಿಸಿಡಿಯಲ್ಲಿ ಒಂದು ಚೂರೂ ಗಾಳಿ ಇರಬಾರದು. ಮೂರು, ಎರಡು, ಒಂದು ಅಂದ ತಕ್ಷಣ ಎಲ್ಲರೂ ಒಟ್ಟಿಗೆ ಹಿಂದಕ್ಕೆ ಉರುಳಿ, ತಲೆ ಕೆಳಗೆ ಮಾಡಿ, ಕಿವಿ ಬಿಡಿಸಿಕೊಳ್ಳುತ್ತಾ ನೇರ ಇಳಿಯಬೇಕು. ಮೇಲೆ ತೇಲುತ್ತಾ ಮಾಸ್ಕ್ ಒರೆಸಿಕೊಂಡು, ಗೋಪ್ರೊ ಆನ್ ಮಾಡಿಕೊಂಡು ನಿಂತರೆ ಅಷ್ಟರಲ್ಲಿ ಕಿಂಡಿಯ ಬಾಯಿ ದಾಟಿಹೋಗಿರುತ್ತದೆ. ಕೆಳಗೆ 25ರಿಂದ 30 ಮೀಟರಿನಲ್ಲಿ ಕಿಂಡಿಯ ಹೊಸ್ತಿಲು ಸಿಗುತ್ತದೆ. ಜೀವಂತ ಹವಳ ಇಲ್ಲದ ಬಂಡೆ ನೋಡಿ ದಾರ ಕಟ್ಟಿದ ಕೊಕ್ಕೆ, ಅಂದರೆ ಹುಕ್ ಸಿಕ್ಕಿಸಿ, ದಾರ ಬಿಗಿಯಾದ ಮೇಲೆ ಬಿಸಿಡಿಗೆ ಚೂರು ಗಾಳಿ ಬಿಟ್ಟರೆ ಗಾಳಿಪಟದ ಥರ ನಿಲ್ಲುತ್ತೀರಿ. ಎದುರಿಗೆ ಗ್ರೇ ರೀಫ್ ಶಾರ್ಕ್‌ಗಳು ಬಾಲ ಅಲ್ಲಾಡಿಸದೆ ಅದೇ ನೀರಿನಲ್ಲಿ ನಿಂತಿರುತ್ತವೆ. ಹತ್ತು ನಿಮಿಷ ಆದ ಮೇಲೆ ಹುಕ್ ಬಿಡಿಸಿ. ನೀರೇ ನಿಮ್ಮನ್ನು ಲಗೂನಿನ ಒಳಕ್ಕೆ, ಆಳ ಕಮ್ಮಿ ಇರುವ ಕಡೆಗೆ ಕರೆದುಕೊಂಡು ಹೋಗುತ್ತದೆ.

ಸೆಳೆತಕ್ಕೆ ಹೊಸಬರಾದವರಿಗೆ ನಾನು ಮೊದಲು ಮಾಲ್ಡೀವ್ಸ್ ಅನ್ನುವುದು ಈ ಕೊನೆಯ ಭಾಗಕ್ಕಾಗಿಯೇ. ಕೈ ತಪ್ಪಿತು, ಹುಕ್ ಕಚ್ಚಲಿಲ್ಲ, ಗುಂಪು ಬಿಟ್ಟಿತು, ಏನೇ ಆದರೂ ಒಳಹರಿವಿನಲ್ಲಿ ನೀವು ಸೇರುವುದು ಅಟಾಲ್‌ನ ಒಳಗೆ. ಉಳಿದುಕೊಂಡೇ ಡೈವ್ ಮಾಡುವ ಹಡಗುಗಳಲ್ಲಿ (ಲಿವ್‌ಅಬೋರ್ಡ್) ಡೈವ್‌ಗೇ ಪ್ರತ್ಯೇಕ ದೋಣಿ ಇರುತ್ತದೆ, ಅದು ನಿಮ್ಮ ಉಸಿರಿನ ಗುಳ್ಳೆ ಹಿಂಬಾಲಿಸಿಕೊಂಡು ಬರುತ್ತದೆ. ನೀರು ವರ್ಷಪೂರ್ತಿ 27ರಿಂದ 30 ಡಿಗ್ರಿ, ಚಳಿಯ ಚಿಂತೆ ಇಲ್ಲ. ಮನರಂಜನೆಯ ಡೈವ್ 30 ಮೀಟರ್ ದಾಟಬಾರದು, ಮೇಲೇರುವಾಗ ನಡುವೆ ಕಡ್ಡಾಯವಾಗಿ ನಿಲ್ಲಬೇಕಾಗುವ ಸ್ಥಿತಿಗೆ (ಡೀಕೊ) ಹೋಗಬಾರದು ಅಂತ ಅಲ್ಲಿನ ನಿಯಮವೇ ಇದೆ. 2010ರಲ್ಲಿ ಶಾರ್ಕ್ ಹಿಡಿಯುವುದನ್ನು ದೇಶಪೂರ್ತಿ ನಿಷೇಧಿಸಿದರು, ಹಾಗಾಗಿ ಹೋದವರಿಗೆ ಶಾರ್ಕ್ ಕಾಣುವ ಸಾಧ್ಯತೆಯೂ ಚೆನ್ನಾಗಿದೆ.

ಆದರೆ ನೀರಿನ ಒತ್ತಡಕ್ಕೆ ಕಿವಿ ನಿಧಾನವಾಗಿ ಹೊಂದಿಕೊಳ್ಳುವವರಿಗೆ ಈ ತಲೆಕೆಳಗಿನ ಇಳಿತ ಆಗಿಬರುವುದಿಲ್ಲ. ಇಳಿಯುವ ಮಧ್ಯೆ ಕಿವಿ ಕಟ್ಟಿ ನಿಂತರೆ ಡೈವ್ ಅಲ್ಲಿಗೇ ಮುಗಿದ ಹಾಗೆ. ಮಾಲ್ಡೀವ್ಸ್‌ಗೆ ಹೋಗುವ ಮುಂಚೆ ಅಂಡಮಾನಿನಲ್ಲೋ ನೇತ್ರಾಣಿಯಲ್ಲೋ ಹಗ್ಗ ಹಿಡಿಯದೆ, ಮೇಲೆ ನಿಲ್ಲದೆ ಇಳಿಯುವುದನ್ನು ಅಭ್ಯಾಸ ಮಾಡಿ.

ಯಾವ ತಿಂಗಳು, ಯಾವ ಕಡೆ ಅನ್ನುವುದಕ್ಕೆ ಸುಲಭದ ಸೂತ್ರ ಇದೆ. ಜನವರಿಯಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾನ್ಸೂನ್, ನೀರು ಒಟ್ಟಾರೆ ಪೂರ್ವದಿಂದ ಪಶ್ಚಿಮಕ್ಕೆ. ಆಗ ಪೂರ್ವದ ಅಂಚಿನ ಕಂಡುಗಳಲ್ಲಿ ಒಳಹರಿವು, ತಿಳಿನೀರು, ಶಾರ್ಕ್. ಲಗೂನು ದಾಟಿ ಪಶ್ಚಿಮಕ್ಕೆ ಹೊರಬರುವ ನೀರಿನಲ್ಲಿ ಪ್ಲಾಂಕ್ಟನ್ ಅನ್ನುವ ಸೂಕ್ಷ್ಮ ಜೀವಿಗಳು ಜಾಸ್ತಿ, ಅವನ್ನು ತಿನ್ನುವ ಮಾಂಟಾ ಅಲ್ಲಿ. ಮೇ ನಂತರ ನೈಋತ್ಯ ಮಾನ್ಸೂನಿನಲ್ಲಿ ಇದೆಲ್ಲ ತಿರುಗುಮುರುಗು. ಬಾ ಅಟಾಲ್‌ನ ಪೂರ್ವದಂಚಿನ ಹನಿಫಾರು ಕೊಲ್ಲಿಗೆ ಮಾಂಟಾಗಳು ಹಿಂಡುಹಿಂಡಾಗಿ ಬರುವುದು ಈ ಮಳೆಗಾಲದ ತಿಂಗಳುಗಳಲ್ಲೇ. ಅಲ್ಲಿ ಸ್ಕೂಬಾಕ್ಕೆ ಬಿಡುವುದಿಲ್ಲ, ಸ್ನಾರ್ಕೆಲ್ ಮಾತ್ರ. ಹನಿಫಾರು ಡೈವ್ ಮಾಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅವರ ಬೇರೆ ಮಾತನ್ನೂ ನಂಬಬೇಡಿ.

ಕಿಂಡಿ ಬೇಡ ಅನ್ನಿಸಿದರೆ ತಿಲ ಇದೆ. ನೀರೊಳಗೇ ಇರುವ ಹವಳದ ಗುಡ್ಡ ಅದು. ಅರಿ ಅಟಾಲ್‌ನ ಮಾಯಾ ತಿಲದಲ್ಲಿ ಸೆಳೆತ ಒಂದು ಕಡೆ ಬಡಿಯುತ್ತದೆ, ಹಿಂದೆ ಸೆಳೆತ ತಾಗದ ಮರೆ ಸಿಗುತ್ತದೆ. ಇದು ಕೊಮೊಡೊಗೆ ಒಳ್ಳೆಯ ತಾಲೀಮು.

ಕೊಮೊಡೊ: ಬಂಡೆಯ ಮರೆಯಲ್ಲಿ ಬದುಕು

ಇಂಡೊನೇಷ್ಯಾದ ಸುಂಬಾವಾ ಮತ್ತು ಫ್ಲೋರೆಸ್ ದ್ವೀಪಗಳ ನಡುವಿನ ಕಡಲು ಇದು. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1991ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಉತ್ತರಕ್ಕೆ ಬೆಚ್ಚಗಿನ ಫ್ಲೋರೆಸ್ ಸಮುದ್ರ, ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಕಡೆಯ ತಣ್ಣನೆ ನೀರು. ಪೆಸಿಫಿಕ್ ಸಾಗರದ ನೀರು ಇಂಡೊನೇಷ್ಯಾದ ದ್ವೀಪಗಳ ಸಂದಿಯಲ್ಲಿ ನುಸುಳಿ ಹಿಂದೂ ಮಹಾಸಾಗರಕ್ಕೆ ಸೇರುತ್ತಲೇ ಇರುತ್ತದೆ, ಅದರ ಮೇಲೆ ದಿನದ ಉಬ್ಬರ ಇಳಿತ ಬೇರೆ. ಆ ನೀರೆಲ್ಲ ಇಲ್ಲಿನ ಸಣ್ಣಸಣ್ಣ ದ್ವೀಪಗಳ ಮಧ್ಯೆ ಹಾಯಬೇಕು. ಬೋಟಿನ ಮೇಲಿಂದಲೇ ಸುಳಿಗಳು ಕಾಣುತ್ತವೆ, ಗಾಳಿಯೇ ಇಲ್ಲದಿದ್ದರೂ ನೀರು ಕುದಿಯುವ ಹಾಗೆ ಉಕ್ಕುತ್ತಿರುತ್ತದೆ.

ಬಟು ಬೊಲೊಂಗ್ ಅಂತ ಒಂದು ಬಂಡೆ, ನೀರಿನ ಮೇಲೆ ಕಾಣುವುದು ಸ್ವಲ್ಪವೇ. ಕೆಳಗೆ ಗೋಡೆ ಹಾಗೆ ಆಳಕ್ಕೆ ಇಳಿಯುತ್ತದೆ. ಸೆಳೆತ ಬಂಡೆಗೆ ಬಡಿದು ಎರಡಾಗಿ ಸೀಳುತ್ತದೆ, ಬಂಡೆಯ ಹಿಂಬದಿಯಲ್ಲಿ ಒಂದು ಮರೆ ಉಳಿಯುತ್ತದೆ. ಡೈವ್ ಪೂರ್ತಿ ಆ ಮರೆಯೊಳಗೇ. ಅತ್ತಿಂದಿತ್ತ ಹೋಗುತ್ತಾ, ಪ್ರತಿ ಸುತ್ತಿಗೆ ಸ್ವಲ್ಪ ಮೇಲೇರುತ್ತಾ ಬರಬೇಕು. ಮರೆ ಎಲ್ಲಿ ಮುಗಿಯುತ್ತದೆ ಅಂತ ಯಾರೂ ಗೆರೆ ಎಳೆದಿಟ್ಟಿಲ್ಲ. ಮೀನು ನೋಡಿ ತಿಳಿಯಬೇಕು. ಮರೆಯಲ್ಲಿ ಕಿತ್ತಳೆ ಬಣ್ಣದ ಆಂಥಿಯಸ್ ಮೀನುಗಳು ಯಾವ ದಿಕ್ಕಿಗೆಂದರೆ ಆ ದಿಕ್ಕಿಗೆ ಮುಖ ಮಾಡಿ ಹರಡಿಕೊಂಡಿರುತ್ತವೆ. ಅಂಚು ಹತ್ತಿರ ಬಂದ ಹಾಗೆ ಎಲ್ಲವೂ ಒಂದೇ ಕಡೆ ಮುಖ ಮಾಡಿ, ಬಂಡೆಗೆ ಅಂಟಿಕೊಂಡಂತೆ ಒತ್ತಾಗಿ ನಿಲ್ಲುತ್ತವೆ, ಬಾಲ ಜೋರಾಗಿ ಬಡಿಯುತ್ತಿರುತ್ತದೆ. ಅಲ್ಲೇ ತಿರುಗಿ. ಇನ್ನೆರಡು ಮೀಟರ್ ಮುಂದೆ ಹೋದವರ ಗುಳ್ಳೆ ಮೇಲೆ ಏರುವುದು ಬಿಟ್ಟು ಅಡ್ಡ ಓಡುತ್ತದೆ, ಒಮ್ಮೊಮ್ಮೆ ಕೆಳಕ್ಕೂ ಇಳಿಯುತ್ತದೆ. ಗುಳ್ಳೆ ಕೆಳಗೆ ಹೋಗುತ್ತಿದೆ ಅಂದರೆ ನೀವೂ ಹೋಗುತ್ತಿದ್ದೀರಿ.

ಹೀಗೆ ಕೆಳಕ್ಕೆ ಎಳೆಯುವ ನೀರು ಸಿಕ್ಕರೆ ಮಾಡಬೇಕಾದ್ದನ್ನು ಮುಂಚೆಯೇ ತಲೆಯಲ್ಲಿ ಕೂರಿಸಿಕೊಳ್ಳಿ. ಕೈಗೆ ಬಂಡೆ ಸಿಗುತ್ತಿದ್ದರೆ ಹಿಡಿದು, ಒಂದೊಂದೇ ಹಿಡಿತ ಬದಲಿಸುತ್ತಾ ಏರಿ. ಸಿಗದಿದ್ದರೆ ನೇರ ಮೇಲಕ್ಕೆ ಒದ್ದಾಡಬೇಡಿ, ಗೋಡೆಯಿಂದ ದೂರ, ತೆರೆದ ನೀರಿನ ಕಡೆ ಅಡ್ಡ ಈಜಿ. ಇಂಥ ಸೆಳೆತ ಗೋಡೆಯ ಪಕ್ಕದಲ್ಲೇ ಜೋರು, ದೂರ ಹೋದಂತೆ ಸಡಿಲವಾಗುತ್ತದೆ. ಬಿಸಿಡಿಗೆ ಗಾಳಿ ಹಾಕಬೇಕಾಗಬಹುದು. ಆದರೆ ಬೆರಳು ಸದಾ ಗಾಳಿ ಬಿಡುವ ಗುಂಡಿಯ ಮೇಲೇ ಇರಲಿ. ಸೆಳೆತ ಬಿಟ್ಟ ಕ್ಷಣ ಅದೇ ಗಾಳಿ ನಿಮ್ಮನ್ನು ಬಾಣದಂತೆ ಮೇಲೆ ಹಾರಿಸುತ್ತದೆ.

ಉತ್ತರದ ಕ್ಯಾಸಲ್ ರಾಕ್, ಕ್ರಿಸ್ಟಲ್ ರಾಕ್ ಎರಡೂ ಇದೇ ಜಾತಿ. ಜೈಂಟ್ ಟ್ರೆವಾಲಿ ಮೀನುಗಳು ಫ್ಯುಸಿಲಿಯರ್ ಹಿಂಡಿನ ಮೇಲೆ ನುಗ್ಗುವುದನ್ನು ನೋಡಲು ಇಷ್ಟು ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೀನಿನ ವಿಷಯಕ್ಕೆ ಮಾತ್ರ ಹೋಲಿಸಿದರೆ ಕೊಮೊಡೊ ಮಾಲ್ಡೀವ್ಸ್‌ಗಿಂತ ಒಂದು ಕೈ ಮೇಲು, ಹವಳದ ವಿಷಯಕ್ಕಂತೂ ಎರಡು ಕೈ. ಮಾಂಟಾ ಬೇಕಾದರೆ ಕರಾಂಗ್ ಮಕಾಸ್ಸರ್ ಇದೆ. ಹತ್ತು ಮೀಟರಿನ ಆಸುಪಾಸು, ಚಪ್ಪಟೆ ನೆಲ, ತೇಲಿಕೊಂಡು ಹೋದರಾಯಿತು. ದಕ್ಷಿಣಕ್ಕೆ ಹೋದರೆ ನೀರು 20-24 ಡಿಗ್ರಿಗೆ ಇಳಿಯುತ್ತದೆ, 3 ಮಿಲಿಮೀಟರ್ ಸೂಟ್ ಸಾಲುವುದಿಲ್ಲ.

ತೇಲಿಹೋದರೆ? 2008ರ ಜೂನ್‌ನಲ್ಲಿ ತಟಾವಾ ಕೆಚಿಲ್ ಬಳಿ ಇಳಿದ ಯುರೋಪಿನ ಐವರು ಡೈವರ್‌ಗಳು ಬೋಟಿನ ಕಣ್ಣಿಗೆ ಬೀಳದೆ ಕೊಚ್ಚಿಹೋದರು. ಕೊನೆಗೆ ರಿಂಚಾ ದ್ವೀಪದ ದಡ ಸೇರಿ, ಬಂಡೆಯ ಚಿಪ್ಪುಜೀವಿ ತಿಂದು, ಹತ್ತಿರ ಬಂದ ಕೊಮೊಡೊ ಡ್ರ್ಯಾಗನ್‌ಗೆ ಕಲ್ಲು ಎಸೆದು ಓಡಿಸಿ, ಎರಡು ದಿನದ ಮೇಲೆ ಸಿಕ್ಕರು. ಕೇಳಲು ಸಿನಿಮಾ ಕತೆ ಥರ ಇದೆ. ದಡ ಸಿಕ್ಕಿದ್ದೇ ಅವರ ಅದೃಷ್ಟ.

ಲಬುವಾನ್ ಬಾಜೊ ಊರಿನಲ್ಲಿ ಉಳಿದುಕೊಂಡು ದಿನಕ್ಕೊಂದು ಬೋಟ್ ಹಿಡಿಯಬಹುದು, ಇಲ್ಲಾ ಲಿವ್‌ಅಬೋರ್ಡ್ ಹತ್ತಬಹುದು. ಮೊದಲ ಸಲದವರಿಗೆ ನಾನು ದಿನದ ಬೋಟ್ ಅನ್ನುತ್ತೇನೆ. ಇವತ್ತು ಕಷ್ಟವಾಯಿತು ಅಂದರೆ ನಾಳೆ ಸುಮ್ನೆ ಸಿಯಾಬಾ ಬೆಸಾರ್‌ನಲ್ಲಿ ಆಮೆ ನೋಡಿಕೊಂಡು ಬರುವ ಸ್ವಾತಂತ್ರ್ಯ ಇರುತ್ತದೆ. ಲಿವ್‌ಅಬೋರ್ಡ್‌ನಲ್ಲಿ ಗುಂಪಿನ ಹದಿನೈದು ಜನ ಕ್ಯಾಸಲ್ ರಾಕ್ ಅಂತ ಕುಣಿಯುತ್ತಿರುವಾಗ ನಾನೊಬ್ಬ ಬರಲ್ಲ ಅನ್ನುವುದು ಕಷ್ಟ, ಅಲ್ವಾ? ಮಾಲ್ಡೀವ್ಸ್‌ನಲ್ಲಿ ಮಾತ್ರ ಈ ಲೆಕ್ಕ ತಿರುಗುತ್ತದೆ. ಅಲ್ಲಿ ರೆಸಾರ್ಟ್‌ಗಿಂತ ಲಿವ್‌ಅಬೋರ್ಡ್ ಲೇಸು, ಯಾಕೆಂದರೆ ಹರಿವು ಸರಿ ಇರುವ ಕಂಡು ಹುಡುಕಿಕೊಂಡು ಅದು ಜಾಗ ಬದಲಿಸುತ್ತದೆ. ದುಡ್ಡು ಉಳಿಸಬೇಕಾದರೆ ವಾವು ಅಟಾಲ್‌ನ ಫುಲಿದೂ ಥರದ ಸ್ಥಳೀಯರ ದ್ವೀಪದಲ್ಲಿ ಗೆಸ್ಟ್‌ಹೌಸ್ ಹಿಡಿಯಿರಿ.

ನುಸಾ ಪೆನಿಡಾ: ಬಾಲಿ ಪಕ್ಕದಲ್ಲಿದೆ ಅನ್ನುವುದೇ ಸಮಸ್ಯೆ

ಬಾಲಿಯ ಸಾನೂರಿನಿಂದ ಸ್ಪೀಡ್‌ಬೋಟ್‌ನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಹನಿಮೂನಿಗೆ ಹೋದವರು, ದೇವಸ್ಥಾನ ನೋಡಲು ಹೋದವರು ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಡೈವ್‌ಗೆ ಹೊರಡುತ್ತಾರೆ. ಮೂರರಲ್ಲಿ ಅತಿ ಸುಲಭವಾಗಿ ತಲುಪುವ ಜಾಗ ಇದು, ಮೂರರಲ್ಲಿ ನನಗೆ ಜಾಸ್ತಿ ಭಯ ಇರುವುದೂ ಇದರ ಬಗ್ಗೆಯೇ.

ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿ ಪೆಸಿಫಿಕ್‌ನಿಂದ ಹಿಂದೂ ಮಹಾಸಾಗರಕ್ಕೆ ನೀರು ಹಾಯುವ ದೊಡ್ಡ ಬಾಗಿಲುಗಳಲ್ಲೊಂದು. ಪೆನಿಡಾ ದ್ವೀಪ ಆ ಬಾಗಿಲಲ್ಲೇ ಕೂತಿದೆ. ಇಲ್ಲಿ ನೀರು ಅಡ್ಡ ಮಾತ್ರ ಹರಿಯುವುದಿಲ್ಲ. ಆಳದ ತಣ್ಣನೆ ನೀರು ಮೇಲೆ ಉಕ್ಕುತ್ತದೆ, ದ್ವೀಪದ ಮೂಲೆ ತಿರುಗುವಲ್ಲಿ ಮೇಲಿನ ನೀರು ಕೆಳಗೆ ಬೀಳುತ್ತದೆ. 27 ಡಿಗ್ರಿಯಲ್ಲಿ ಇಳಿದವರಿಗೆ ಹತ್ತು ಮೀಟರ್ ಕೆಳಗೆ 20 ಡಿಗ್ರಿ ಎದುರಾಗಬಹುದು. ಚಳಿಗೆ ಉಸಿರು ಜೋರಾಗುತ್ತದೆ, ಆಮೇಲೆ ಮೇಲಿನ ಗಾಳಿಯ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ.

ಜನ ಬರುವುದು ಇದೇ ತಣ್ಣನೆ ನೀರಿಗಾಗಿ. ಜುಲೈನಿಂದ ಅಕ್ಟೋಬರ್‌ವರೆಗೆ ಅದರ ಜೊತೆ ಆಳದಿಂದ ಮೋಲಾ ಮೇಲೆ ಬರುತ್ತದೆ. ಬಂಡಿಯ ಗಾತ್ರದ, ಬಾಲವೇ ಇಲ್ಲದ ಸನ್‌ಫಿಶ್. ಹವಳದ ಬಳಿ ನಿಂತು ಸಣ್ಣ ಮೀನುಗಳಿಂದ ಮೈ ಕ್ಲೀನ್ ಮಾಡಿಸಿಕೊಳ್ಳುತ್ತದೆ. ಎಲ್ಲರೂ ಮೋಲಾ ಮೋಲಾ ಅಂತಲೇ ಕರೆದರೂ ಇಲ್ಲಿ ಹೆಚ್ಚಾಗಿ ಕಾಣುವುದು ಅದರ ಸೋದರ ಜಾತಿಯಾದ ಮೋಲಾ ಅಲೆಕ್ಸಾಂಡ್ರಿನಿ. ಮುಖ್ಯ ಜಾಗ ಕ್ರಿಸ್ಟಲ್ ಬೇ. ಕೊಲ್ಲಿಯ ಒಳಗೆ ಸ್ನಾರ್ಕೆಲ್ ಮಾಡುವ ಮಕ್ಕಳೂ ಇರುತ್ತಾರೆ, ಮೋಲಾ ಬರುವ ಹೊರಮೂಲೆಯಲ್ಲಿ ಕೆಳಸೆಳೆತಕ್ಕೆ ಸಿಕ್ಕಿ ಡೈವರ್‌ಗಳು ಸತ್ತಿದ್ದಾರೆ. ಎರಡರ ನಡುವೆ ದೂರ ಬಹಳ ಇಲ್ಲ.

2014ರ ಫೆಬ್ರವರಿಯಲ್ಲಿ ಪಕ್ಕದ ನುಸಾ ಲೆಂಬೊಂಗಾನ್ ಬಳಿ ಇಳಿದ ಏಳು ಜನ ಜಪಾನಿ ಮಹಿಳೆಯರು ನಾಪತ್ತೆಯಾದರು. ಅವರಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್‌ಗಳು. ಮೂರು ದಿನದ ಮೇಲೆ ಐವರು ಜೀವಂತ ಸಿಕ್ಕರು, ಇಬ್ಬರು ಉಳಿಯಲಿಲ್ಲ. ಗುಂಪಿನಲ್ಲಿ ಅನುಭವ ಇರಲಿಲ್ಲ ಅನ್ನುವ ಹಾಗಿಲ್ಲ.

ಹಾಗಂತ ಪೆನಿಡಾ ಬೇಡವೇ ಬೇಡ ಅನ್ನುತ್ತಿಲ್ಲ. ಉತ್ತರ ದಡದ ಉದ್ದಕ್ಕೂ ಹವಳದ ಇಳಿಜಾರಿನ ಮೇಲೆ ತೇಲಿ ಹೋಗುವ ಡೈವ್‌ಗಳು ಚೆನ್ನಾಗಿವೆ, ಸರಿಯಾದ ದಿನ ಸುಲಭವೂ ಹೌದು. ದಕ್ಷಿಣದ ಮಾಂಟಾ ಪಾಯಿಂಟ್‌ನಲ್ಲಿ ಸೆಳೆತಕ್ಕಿಂತ ಅಲೆಯ ತೂಗಾಟ ಜಾಸ್ತಿ, ವಾಂತಿ ಬರುವವರು ಮುಂಚೆಯೇ ಮಾತ್ರೆ ತಗೊಳ್ಳಿ. ಮೋಲಾಕ್ಕಾಗಿ ಹೋಗುವುದಾದರೆ ಬಾಲಿಯಿಂದ ದಿನದ ಟ್ರಿಪ್ ಬೇಡ, ದ್ವೀಪದಲ್ಲೇ ನಾಲ್ಕು ದಿನ ಉಳಿಯಿರಿ. ದಿನದ ಟ್ರಿಪ್‌ನವರು ಸೆಳೆತ ಸರಿ ಇರಲಿ ಬಿಡಲಿ ಅವತ್ತೇ ಇಳಿಸಬೇಕು. ದ್ವೀಪದಲ್ಲಿರುವವರು ನಾಳೆ ಬೆಳಗ್ಗೆ ನೋಡೋಣ ಅನ್ನಬಹುದು.

ದೂರದ ಎರಡು

ಪೆಸಿಫಿಕ್‌ನ ದ್ವೀಪದೇಶ ಪಲಾವ್‌ನ ಬ್ಲೂ ಕಾರ್ನರ್ ಹುಕ್ ಡೈವ್‌ನ ತವರು. ಕಡಲಿಗೆ ಚಾಚಿಕೊಂಡ ಹವಳದ ಜಗಲಿ, ಅಂಚಿನಲ್ಲಿ ಹುಕ್ ಹಾಕಿ ನಿಂತರೆ ಎದುರಿಗೆ ಶಾರ್ಕ್ ಮೆರವಣಿಗೆ. ಆಳ ಬಹಳ ಇಲ್ಲ, ಸುಮಾರು 15 ಮೀಟರ್. ಹಾಗಾಗಿ ಗಾಳಿ ಉಳಿಯುತ್ತದೆ. 2009ರಲ್ಲಿ ಜಗತ್ತಿನ ಮೊದಲ ಶಾರ್ಕ್ ಅಭಯಧಾಮ ಘೋಷಿಸಿದ ದೇಶ ಇದು. ನಮ್ಮ ಕಡೆಯಿಂದ ತಲುಪಲು ವಿಮಾನ ಬದಲಿಸಿ ಬದಲಿಸಿ ಸುಸ್ತಾಗುತ್ತದೆ, ಅಷ್ಟೇ ಅಡ್ಡಿ.

ಫ್ರೆಂಚ್ ಪಾಲಿನೇಷ್ಯಾದ ಫಕರಾವಾ ಇನ್ನೂ ದೂರ, ಇನ್ನೂ ದುಬಾರಿ. ಜೂನ್-ಜುಲೈ ಹುಣ್ಣಿಮೆಗೆ ದಕ್ಷಿಣದ ಕಿಂಡಿಯಲ್ಲಿ ಗ್ರೂಪರ್ ಮೀನುಗಳು ಮೊಟ್ಟೆಯಿಡಲು ಸಾವಿರಗಟ್ಟಲೆ ಸೇರುತ್ತವೆ, ಅವನ್ನು ತಿನ್ನಲು ನೂರಾರು ಗ್ರೇ ರೀಫ್ ಶಾರ್ಕ್. ಮಾಲ್ಡೀವ್ಸ್ ಕಂಡುವಿನ ಹಾಗೆ ಇಲ್ಲೂ ಒಳಹರಿವಿನಲ್ಲೇ ಇಳಿಯುವುದು. ಮಾಲ್ಡೀವ್ಸ್ ಚೆನ್ನಾಗಿ ಮಾಡಿದವರಿಗೆ ಇದು ಹೊಸ ಪಾಠವೇನಲ್ಲ, ಹೆಚ್ಚಿನ ಖರ್ಚು ಮಾತ್ರ.

ದಿನ ಆರಿಸಲು ಗೋಡೆಯ ಕ್ಯಾಲೆಂಡರ್ ಸಾಕು

ಟಿಕೆಟ್ ಬುಕ್ ಮಾಡುವ ಮುಂಚೆ ಮನೆಯ ಕನ್ನಡ ಕ್ಯಾಲೆಂಡರ್ ತೆಗೆದು ತಿಥಿ ನೋಡಿ. ಹುಣ್ಣಿಮೆ, ಅಮಾವಾಸ್ಯೆ ಆದ ಮೇಲಿನ ಒಂದೆರಡು ದಿನ ಉಬ್ಬರ ಇಳಿತದ ಅಂತರ ಅತಿ ಜಾಸ್ತಿ, ಸೆಳೆತವೂ ಜಾಸ್ತಿ. ಅಷ್ಟಮಿಯ ಆಚೀಚೆ, ಅದರಲ್ಲೂ ಅಷ್ಟಮಿ ಕಳೆದ ಒಂದೆರಡು ದಿನ, ಸೆಳೆತ ಮೆತ್ತಗೆ. ನಮ್ಮ ಕರಾವಳಿಯ ಮೀನುಗಾರರು ಇದನ್ನು ಯಾವ ಆ್ಯಪ್ ಇಲ್ಲದೆ ಹೇಳುತ್ತಾರೆ. ಕೊಮೊಡೊ, ಪೆನಿಡಾಕ್ಕೆ ಮೊದಲ ಸಲ ಹೋಗುವವರು ಷಷ್ಠಿಯಿಂದ ಏಕಾದಶಿಯ ನಡುವೆ ಡೈವ್ ಬೀಳುವ ಹಾಗೆ ನೋಡಿಕೊಳ್ಳಿ. ಮಾಲ್ಡೀವ್ಸ್‌ನಲ್ಲಿ ಇದರ ಮೇಲೆ ಮಾನ್ಸೂನ್ ಹರಿವೂ ಸೇರುವುದರಿಂದ ತಿಥಿಯೊಂದನ್ನೇ ನಂಬುವ ಹಾಗಿಲ್ಲ. ಶಾರ್ಕ್ ಜಾಸ್ತಿ ಬೇಕು, ಅನುಭವ ಇದೆ ಅನ್ನುವವರು ಬೇಕಂತಲೇ ಹುಣ್ಣಿಮೆ ಹುಡುಕುತ್ತಾರೆ. ಅದು ಎರಡನೇ ಟ್ರಿಪ್‌ನ ಆಸೆ ಆಗಿರಲಿ.

ಜೊತೆಗೆ ಏನು ಒಯ್ಯಬೇಕು

ಮೇಲೆ ಉಬ್ಬಿ ನಿಲ್ಲುವ ಕಿತ್ತಳೆ ಬಣ್ಣದ ಕೊಳವೆ, ಅಂದರೆ ಎಸ್‌ಎಂಬಿ, ನಿಮ್ಮದೇ ಇರಲಿ. ಗೈಡ್ ಹತ್ತಿರ ಇದೆಯಲ್ಲ ಅನ್ನಬೇಡಿ, ಗೈಡ್‌ನಿಂದ ಬೇರೆಯಾದಾಗಲೇ ಅದು ಬೇಕಾಗುವುದು. ಅಂಗಡಿಯಲ್ಲಿ ಮೊಣಕೈ ಉದ್ದದ್ದೂ ಸಿಗುತ್ತದೆ, ಆಳೆತ್ತರದ್ದೂ ಸಿಗುತ್ತದೆ. ಆಳೆತ್ತರದ್ದೇ ತಗೊಳ್ಳಿ. 5 ಮೀಟರಿನಲ್ಲಿ ನಿಂತು ದಾರ ಸಿಕ್ಕಾಗದೆ ಅದನ್ನು ಮೇಲೆ ಬಿಡುವುದು ಒಂದು ಕಲೆ. ಈಜುಕೊಳದಲ್ಲಿ ಕೈಗೆ ಬರುವ ತನಕ ಮಾಡಿ. ಸೀಟಿ, ಸಣ್ಣ ಕನ್ನಡಿ, ಟಾರ್ಚ್ ಇಟ್ಟುಕೊಳ್ಳಲು ಕಷ್ಟ ಇಲ್ಲ. ಹಡಗುಗಳಿಗೆ ಸ್ಥಳ ತಿಳಿಸುವ ಜಿಪಿಎಸ್ ಉಪಕರಣಗಳೂ ಬಂದಿವೆ, ಬೆಲೆ ಜಾಸ್ತಿ. ಇಂಡೊನೇಷ್ಯಾಕ್ಕೆ ಪದೇಪದೇ ಹೋಗುವವರಿಗೆ ಸಾರ್ಥಕ.

ಹುಕ್ ಬಳಸಲು ಕೆಲವು ಕಡೆ ಬಿಡುವುದಿಲ್ಲ, ಮುಂಚೆ ಕೇಳಿ. ಬಿಟ್ಟರೂ ಜೀವಂತ ಹವಳಕ್ಕೆ ಸಿಕ್ಕಿಸಬೇಡಿ. ಹುಕ್ಕಿನ ದಾರ ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವಂತಿರಬೇಕು.

ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿಯ ಕೋರ್ಸ್ ಮಾಡಿದವರು ಒಂದು ಗಮನಿಸಿ. 32 ಶೇಕಡಾ ಮಿಶ್ರಣದಲ್ಲಿ ಆಮ್ಲಜನಕದ ಒತ್ತಡ 34 ಮೀಟರಿನ ಹತ್ತಿರ ಡೈವ್‌ನ ಸಾಮಾನ್ಯ ಮಿತಿಯಾದ 1.4 ಬಾರ್ ಮುಟ್ಟುತ್ತದೆ, 40 ಮೀಟರಿನಲ್ಲಿ ಕೊನೆಯ ಮಿತಿಯಾದ 1.6, ಅದರಾಚೆ ಅಪಾಯ. ಮಾಲ್ಡೀವ್ಸ್‌ನ 30 ಮೀಟರ್ ಹೊಸ್ತಿಲಿಗೆ ಇದು ಹೇಳಿ ಮಾಡಿಸಿದ ಗಾಳಿ. ಕೆಳಸೆಳೆತ ಇರುವ ಪೆನಿಡಾ ಮೂಲೆಯಲ್ಲಿ ಮಾತ್ರ ನಾನು ಸಾದಾ ಗಾಳಿಯನ್ನೇ ಆರಿಸುತ್ತೇನೆ.

ಹಾಗಾದರೆ ಯಾರು ಎಲ್ಲಿಗೆ?

ಇಪ್ಪತ್ತು ಮೂವತ್ತು ಡೈವ್ ಆದವರು ಮೊದಲು ಅಂಡಮಾನಿನ ಸ್ವರಾಜ್ ದ್ವೀಪಕ್ಕೇ ಇನ್ನೊಮ್ಮೆ ಹೋಗಿ. ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್‌ಗಳಲ್ಲಿ 30 ಮೀಟರ್ ಆಳವೂ ಇದೆ, ಕೆಲವು ದಿನ ಸೆಳೆತವೂ ಇದೆ. ಅಲ್ಲಿ ಉಸಿರು ಹಿಡಿತಕ್ಕೆ ಬಂದ ಮೇಲೆ ಮಾಲ್ಡೀವ್ಸ್. ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಎರಡು ಗಂಟೆಯ ಆಸುಪಾಸು, ಭಾರತೀಯರಿಗೆ ಇಳಿದ ಮೇಲೆ ವೀಸಾ ಉಚಿತ. ಐವತ್ತು ಡೈವ್ ದಾಟಿದವರು, ಎಸ್‌ಎಂಬಿ ಕಣ್ಣುಮುಚ್ಚಿ ಬಿಡಬಲ್ಲವರು ಕೊಮೊಡೊಗೆ ಹೋಗಿ. ಮೋಲಾ ಹುಚ್ಚು ಇರುವವರು ಕೊಮೊಡೊ ಮುಗಿಸಿ ಪೆನಿಡಾಕ್ಕೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ, ಬಾಲಿ ಮೊದಲು ಬರುತ್ತದಲ್ಲ ಅಂತ. ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಡೈವ್ ಮಾಡುವುದಾದರೆ ಬಾಲಿಗೇ ಹೋಗಿ, ಆದರೆ ಪೆನಿಡಾ ಬಿಟ್ಟು ತುಲಂಬೆನ್ ಕಡೆ ಮುಳುಗಿದ ಹಡಗು ನೋಡಿಕೊಂಡು ಬನ್ನಿ. ಸಸ್ಯಾಹಾರಿಗಳಿಗೆ ಇಂಡೊನೇಷ್ಯಾದ ಬೋಟುಗಳಲ್ಲಿ ತೆಂಪೆ, ತೋಫು ಸಿಗುತ್ತದೆ. ಮಾಲ್ಡೀವ್ಸ್‌ನಲ್ಲಿ ಬೆಳಗಿನ ತಿಂಡಿಯಲ್ಲೂ ಟ್ಯೂನಾ ಇರುತ್ತದೆ, ಬುಕ್ ಮಾಡುವಾಗಲೇ ಹೇಳಿಬಿಡಿ.

ಜಾಗ ಆರಿಸಿಯಾಯಿತು, ಇನ್ನು ಡೈವ್ ಸೆಂಟರ್. ಫೋನಿನಲ್ಲೋ ವಾಟ್ಸಾಪ್‌ನಲ್ಲೋ ಇಷ್ಟು ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕಕ್ಕಿಂತ ಜಾಸ್ತಿ ಅಂದರೆ ಬಿಡಿ. ನೀರಿಗಿಳಿದ ಮೇಲೆ ಬೋಟ್ ಲಂಗರು ಹಾಕಿ ನಿಲ್ಲುತ್ತದಾ, ಗುಳ್ಳೆ ಹಿಂದೆ ಬರುತ್ತದಾ? ಗೈಡ್‌ನಿಂದ ಬೇರೆಯಾದರೆ ಎಷ್ಟು ಹೊತ್ತು ಹುಡುಕಿ ಮೇಲೆ ಬರಬೇಕು? ಒಂದು ನಿಮಿಷ ಅನ್ನುವ ಉತ್ತರ ಬರಬೇಕು. ಬೋಟಿನಲ್ಲಿ ಆಮ್ಲಜನಕದ ಕಿಟ್, ರೇಡಿಯೊ ಇದೆಯಾ? ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನೂ ನೋಡಿ. ಕೊನೆಯ ಡೈವ್ ಯಾವಾಗ, ಸೆಳೆತದಲ್ಲಿ ಇಳಿದಿದ್ದೀರಾ, ಗಾಳಿ ಎಷ್ಟು ಬೇಗ ಮುಗಿಯುತ್ತದೆ ಅಂತ ವಿಚಾರಿಸದೆ ನೇರ ಅಡ್ವಾನ್ಸ್ ಹಣದ ಮಾತಿಗೆ ಬಂದರೆ ಮುಂದಿನ ಸೆಂಟರ್‌ಗೆ ಮೆಸೇಜ್ ಮಾಡಿ. ಡೈವಿಂಗ್ ವಿಮೆ ಪ್ರತ್ಯೇಕ ಮಾಡಿಸಿ, ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಆಳದವರೆಗೆ ಅಂತ ಸಣ್ಣ ಅಕ್ಷರ ಓದಿ. ಕೊನೆಯ ಡೈವ್‌ಗೂ ವಾಪಸ್ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡುವು ಇರುವ ಹಾಗೆ ಟಿಕೆಟ್ ಮಾಡಿಸಿ.